ಕಪ್ಪುರಂಧ್ರದ "ಶಬ್ದ" ಕೇಳಿಬಂದ ಹುಡುಗನಿಗೆ ಏನು ಹೇಳಲಿ? ನಿರ್ವಾತದಲ್ಲಿ ಯಾವ ಅಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ?

ಕಾಳುಮೆಣಸು

ಎಲ್ಲರಿಗೂ ನಮಸ್ಕಾರ. ನಾನು ಘಟ್ಟದ ಮೇಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ಒಂಬತ್ತನೇ ತರಗತಿಯಲ್ಲಿ "ಶಬ್ದಕ್ಕೆ ಮಾಧ್ಯಮ ಬೇಕೇ ಬೇಕು, ನಿರ್ವಾತದಲ್ಲಿ ಶಬ್ದ ಚಲಿಸುವುದಿಲ್ಲ" ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನವನೊಬ್ಬ ಎದ್ದ. "ಮಿಸ್, ನಾಸಾದವರು ಕಪ್ಪುರಂಧ್ರದ ಶಬ್ದ ಹಾಕಿದಾರೆ. ಅಣ್ಣನ ಮೊಬೈಲಲ್ಲಿ ಕೇಳಿದೆ. ಹೂಂ ಅಂತ ಭೂತ ನರಳಿದ ಹಾಗಿತ್ತು."

"ಅದೆಲ್ಲ ಗ್ರಾಫಿಕ್ಸು ಕಣೋ, ಕೂತ್ಕೋ" ಅಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ ಅದು ಪೂರ್ತಿ ಗ್ರಾಫಿಕ್ಸ್ ಅಲ್ಲ! ಈಗ ನನಗೇ ನಾಚಿಕೆ. ಮರುದಿನ ಅವನದೇ ಇನ್ನೊಂದು: "ಬೆಳಕೂ ಅಲೆ, ಶಬ್ದವೂ ಅಲೆ ಅಂತೀರಿ. ಸೂರ್ಯನಿಂದ ಬೆಳಕು ಬರತ್ತೆ, ಶಬ್ದ ಬರಲ್ಲ. ಯಾಕೆ ಮಿಸ್ ಈ ಪಕ್ಷಪಾತ?"

"ಬೆಳಕಿಗೆ ಮಾಧ್ಯಮ ಬೇಡ" ಅಂತ ಪುಸ್ತಕದಲ್ಲಿ ಒಂದು ಸಾಲಿದೆ. ಅದನ್ನೇ ಓದಿ ಹೇಳಿದರೆ ಅವನು ಬಿಡುವ ಪೈಕಿ ಅಲ್ಲ. ತಿಳಿದವರು ದಾರಿ ತೋರಿಸಿ.

ಗಿರಮಿಟ್

ಟೀಚರ್ರ, ಮೊದಲ ಆ ಹುಡುಗಗ ಒಂದ್ ಪ್ಲೇಟ್ ಗಿರಮಿಟ್, ಒಂದ್ ಚಾ ನನ್ನ ಲೆಕ್ಕದಾಗ ಕೊಡಸ್ರಿ. ನಮ್ಮ ಕಾಲದಾಗ ಇಂಥಾ ಪ್ರಶ್ನೆ ಕೇಳಿದ್ರ ಬೆಂಚಿನ ಮ್ಯಾಲ ನಿಂದರಸ್ತಿದ್ರು. ನಾ ಸುಮ್ನ ಕೂತು ಓದಾವ, ದೊಡ್ಡೋರು ಬರೀರಿ.

ಮಧ್ಯಮ ತರಂಗ

ನಾನು ರೇಡಿಯೋ ಪ್ರಸಾರದ ಟ್ರಾನ್ಸ್‌ಮಿಟರ್ ಕೋಣೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಮೇಡಂ, "ಮಾಧ್ಯಮ ಬೇಕೋ ಬೇಡವೋ" ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. "ಅಲುಗುತ್ತಿರುವುದು ಏನು?" ಅಂತ ಕೇಳಿ. ಅರ್ಧ ಗೊಂದಲ ಅಲ್ಲೇ ಇಳಿಯುತ್ತದೆ.

ನೀವು ಘಟ್ಟದವರು ಅಂದಿರಿ, ಮಾರಿಜಾತ್ರೆ ನೋಡಿರುತ್ತೀರಿ. ಗದ್ದುಗೆಯ ಮುಂದಿನ ಜನಜಂಗುಳಿಯಲ್ಲಿ ಹಿಂದಿನಿಂದ ಯಾರೋ ಒಬ್ಬ ನೂಕಿದರೆ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟಿ ಮುಂದಿನ ಸಾಲಿನ ಅಜ್ಜಿಯ ಬೆನ್ನಿಗೆ ತಾಗುತ್ತದೆ. ಜನ ನಿಂತಲ್ಲೇ ಇದ್ದಾರೆ, ನೂಕು ಮಾತ್ರ ಓಡಿತು. ಶಬ್ದ ಅಂದರೆ ಇಷ್ಟೇ. ಅಲ್ಲಿ ಅಲುಗುವುದು ಗಾಳಿಯ ಅಣುಗಳೇ. ಜಾತ್ರೆ ಮುಗಿದ ಮೇಲೆ ಖಾಲಿ ಬಯಲಿನಲ್ಲಿ ನಿಂತು ನೂಕಿದರೆ ಯಾರಿಗೆ ತಾಗೀತು?

ಬೆಳಕಿನಲ್ಲಿ ಅಲುಗುವುದು ವಸ್ತುವಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಬದಲಾಗುವ ಕಾಂತಕ್ಷೇತ್ರ ಮತ್ತೆ ವಿದ್ಯುತ್ ಕ್ಷೇತ್ರವನ್ನು. ಎರಡೂ ಒಂದನ್ನೊಂದು ಎತ್ತಿಹಿಡಿದುಕೊಂಡೇ ಸಾಗುತ್ತವೆ, ಹೊರಲು ಮೂರನೆಯವರು ಬೇಡ. ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಅಲೆಯ ವೇಗ ಎಷ್ಟಿರಬೇಕು ಎಂದು ಲೆಕ್ಕ ಹಾಕಿದ. ವಿದ್ಯುತ್ತು ಮತ್ತು ಅಯಸ್ಕಾಂತದ ಅಳತೆಗಳಷ್ಟೇ ಆ ಲೆಕ್ಕಕ್ಕೆ ಆಧಾರ, ದೀಪದ ಸುದ್ದಿಯೇ ಇಲ್ಲ. ಬಂದ ಉತ್ತರ ಬೆಳಕಿನ ವೇಗ. ನನ್ನ ಮಟ್ಟಿಗೆ ಭೌತವಿಜ್ಞಾನದಲ್ಲಿ ಇದಕ್ಕಿಂತ ರೋಮಾಂಚನದ ಗಳಿಗೆ ಇನ್ನೊಂದಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ಹರ್ಟ್ಸ್ ಜರ್ಮನಿಯಲ್ಲಿ ಕಿಡಿ ಹಾರಿಸಿ ಅಂಥ ಅಲೆಯನ್ನು ಮಾಡಿಯೇ ತೋರಿಸಿದ.

ನಮ್ಮ ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. 101.3 ಎಫ್‌ಎಮ್‌ನದು ಮೂರು ಮೀಟರಿಗೂ ಚೂರು ಕಮ್ಮಿ. ಕಣ್ಣಿಗೆ ಕಾಣುವ ಬೆಳಕಿನದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಜಾತಿ ಒಂದೇ, ಗಾತ್ರ ಬೇರೆ. ನಿರ್ವಾತದಲ್ಲಿ ಎಲ್ಲದರ ವೇಗವೂ ಸೆಕೆಂಡಿಗೆ 2,99,792 ಕಿ.ಮೀ.

ಶಾಸ್ತ್ರಿಮನೆ

ರಾಯರೇ, ನಡುವೆ ಬಾಯಿ ಹಾಕುತ್ತಿದ್ದೇನೆ. ತರ್ಕಸಂಗ್ರಹ ಓದಿದವರಿಗೆ "ಶಬ್ದಗುಣಕಮಾಕಾಶಮ್" ಗೊತ್ತು. ಆಕಾಶದ ಗುಣವೇ ಶಬ್ದ ಅಂತ ನಮ್ಮ ನೈಯಾಯಿಕರು, ಅಂದರೆ ನ್ಯಾಯದರ್ಶನದ ಪಂಡಿತರು, ಹೇಳಿದ್ದಾರೆ. ನೀವು ನೋಡಿದರೆ ಆಕಾಶದಲ್ಲಿ ಶಬ್ದವೇ ಇಲ್ಲ ಎನ್ನುತ್ತೀರಿ. ಅವರದು ತಪ್ಪೇ?

ಮಧ್ಯಮ ತರಂಗ

ಶಾಸ್ತ್ರಿಗಳೇ, ಅವರು ಹಾಕಿಕೊಂಡ ಪ್ರಶ್ನೆಯೇ ಬೇರೆ. ಪ್ರತಿ ಗುಣಕ್ಕೂ ಒಂದು ದ್ರವ್ಯದ ಆಸರೆ ಬೇಕು. ಶಬ್ದವನ್ನು ಮಣ್ಣು, ನೀರು, ಬೆಂಕಿ, ಗಾಳಿ ಯಾವುದಕ್ಕೂ ಸೇರಿಸಲಾಗದು ಎಂದು ವಾದಿಸಿ, ಐದನೆಯದಾದ ಆಕಾಶಕ್ಕೆ ಕಟ್ಟಿದರು. ಅವರ ಆಕಾಶ ಇಸ್ರೋದವರು ರಾಕೆಟ್ ಬಿಡುವ ಬಾಹ್ಯಾಕಾಶವಲ್ಲ. ಹಾಗಂತ ಶಬ್ದದ ವಿಷಯದಲ್ಲಿ ಅವರ ತೀರ್ಮಾನ ನಿಂತಿತೇ ಅಂದರೆ, ಇಲ್ಲ. ಗಾಳಿ ತೆಗೆದರೆ ಶಬ್ದ ಹೋಗುತ್ತದೆ ಎಂದು ರಾಬರ್ಟ್ ಬಾಯ್ಲ್ 1660ರಷ್ಟು ಹಿಂದೆಯೇ ಗಾಜಿನ ಪಾತ್ರೆಯಲ್ಲಿ ತೋರಿಸಿದ್ದ.

ಆದರೆ ನಗಬೇಡಿ, ಪಶ್ಚಿಮದವರೂ ಇದೇ ಗುಂಡಿಗೆ ಬಿದ್ದವರೇ. ಬೆಳಕು ಅಲೆ ಅಂದಮೇಲೆ ಅದನ್ನು ಹೊರಲು ಏನೋ ಇರಲೇಬೇಕು ಅಂತ ಈಥರ್ ಎಂಬ ದ್ರವ್ಯವನ್ನು ಕಲ್ಪಿಸಿಕೊಂಡರು. ಮ್ಯಾಕ್ಸ್‌ವೆಲ್ ಕೂಡ ನಂಬಿದ್ದ. ಅದು ಎಲ್ಲೆಲ್ಲೂ ತುಂಬಿರಬೇಕು, ಉಕ್ಕಿಗಿಂತ ಬಿಗಿಯಾಗಿರಬೇಕು, ಆದರೂ ಭೂಮಿ ಅದರೊಳಗೆ ಯಾವ ತಡೆಯೂ ಇಲ್ಲದೆ ತೇಲಬೇಕು! 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಬೆಳಕನ್ನು ಎರಡಾಗಿ ಸೀಳಿ, ಒಂದಕ್ಕೊಂದು ಲಂಬವಾದ ಎರಡು ದಾರಿಯಲ್ಲಿ ಓಡಿಸಿ, ಕನ್ನಡಿಯಿಂದ ವಾಪಸು ತರಿಸಿ ಕೂಡಿಸಿದರು. ಭೂಮಿ ಈಥರಿನಲ್ಲಿ ಸಾಗುತ್ತಿದ್ದರೆ ಎರಡು ದಾರಿಗೂ ವ್ಯತ್ಯಾಸ ಕಾಣಬೇಕಿತ್ತು. ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಈಥರಿನ ಅಗತ್ಯವೇ ಇಲ್ಲ ಎಂದು ಕೈತೊಳೆದುಕೊಂಡ.

ನಡುವೆ ಒಂದು ಮಾತು: "ಆಕಾಶವಾಣಿ" ಎಂಬ ಹೆಸರು ಬಂದದ್ದು ಮೈಸೂರಿನಿಂದ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ಮನೆಯಲ್ಲೇ ಹೂಡಿದ ಕೇಂದ್ರದ ಹೆಸರದು. ಆ ವಾಣಿ ವಾಣಿಯಾಗಿ ಆಕಾಶದಲ್ಲಿ ಬರುವುದಿಲ್ಲ. ಮೈಕಿನಲ್ಲಿ ವಿದ್ಯುತ್ತಾಗಿ, ಗೋಪುರದಲ್ಲಿ ವಿದ್ಯುತ್ಕಾಂತೀಯ ಅಲೆಯಾಗಿ ವೇಷ ಬದಲಿಸಿ ಬಂದು, ನಿಮ್ಮ ಪಡಸಾಲೆಯ ಪೆಟ್ಟಿಗೆಯಲ್ಲಿ ಮತ್ತೆ ವಾಣಿಯಾಗುತ್ತದೆ.

ಡೈಪೋಲ್

ಕಪ್ಪುರಂಧ್ರದ ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. ನಾನು ರೇಡಿಯೋ ಖಗೋಳದ ಹುಚ್ಚಿನವನು, ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಆ ಧ್ವನಿ ಪರ್ಸಿಯಸ್ ಎಂಬ ಗೆಲಾಕ್ಸಿ ಗುಚ್ಛದ್ದು. ನಮ್ಮಿಂದ ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರ. ಆ ಗುಚ್ಛದ ಗೆಲಾಕ್ಸಿಗಳ ನಡುವೆ ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲ ತುಂಬಿದೆ. ನಡುವಿನ ಕಪ್ಪುರಂಧ್ರ ಆಗಾಗ ಆ ಅನಿಲದೊಳಕ್ಕೆ ಗುಳ್ಳೆ ಊದುತ್ತದೆ, ಅದರ ಒತ್ತಡ ಉಂಗುರ ಉಂಗುರವಾಗಿ ಹರಡುತ್ತದೆ. 2003ರಲ್ಲಿ ಚಂದ್ರಾ ಎಕ್ಸ್-ರೇ ದೂರದರ್ಶಕದ ಚಿತ್ರದಲ್ಲಿ ಈ ಉಂಗುರಗಳನ್ನು ಗುರುತಿಸಿದರು. ಅವು ಹೆಸರಿಗಷ್ಟೇ ಶಬ್ದವಲ್ಲ, ನಿಜವಾದ ಒತ್ತಡದ ಅಲೆಗಳು. ಶ್ರುತಿ ಮಾತ್ರ ಪಿಯಾನೋದ ನಟ್ಟನಡುವಿನ ಸ್ವರಕ್ಕಿಂತ 57 ಸ್ಥಾಯಿ ಕೆಳಗೆ. ನಮ್ಮ ಗಾಯಕರು ಮೂರು ಸ್ಥಾಯಿ ಸಲೀಸಾಗಿ ಓಡಾಡಿದರೆ ಚಪ್ಪಾಳೆ ತಟ್ಟುತ್ತೇವೆ, ಇಲ್ಲಿ 57! ಒಂದು ಕಂಪನಕ್ಕೆ ಸುಮಾರು ಒಂದು ಕೋಟಿ ವರ್ಷ. 2022ರಲ್ಲಿ ನಾಸಾದವರು ಆ ಚಿತ್ರದ ಏರಿಳಿತವನ್ನೇ ಧ್ವನಿಯಾಗಿಸಿ, 57–58 ಸ್ಥಾಯಿ ಮೇಲೆತ್ತಿ ಬಿಟ್ಟರು. ಅಲ್ಲಿ ಯಾರೂ ಮೈಕ್ ಹಿಡಿದಿರಲಿಲ್ಲ. ಹಾಗಾಗಿ ಟೀಚರ್, ನೀವೂ ಅರ್ಧ ಸರಿ, ಹುಡುಗನೂ ಅರ್ಧ ಸರಿ.

"ಅಷ್ಟು ತೆಳು ಅನಿಲದಲ್ಲಿ ಶಬ್ದ ಹೇಗೆ?" ಎಂದು ಕೇಳುವಿರಿ. ನಿಜವಾದ ರುಚಿ ಇಲ್ಲೇ ಇರುವುದು. ನಮ್ಮ ಕೋಣೆಯ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುಂಚೆ ಓಡುವ ದೂರ, ಮಿಲಿಮೀಟರಿನ ಹದಿನಾಲ್ಕು ಸಾವಿರದಲ್ಲಿ ಒಂದು ಪಾಲಿನಷ್ಟು. ನಮ್ಮ ಮಾತಿನ ಅಲೆಯ ಉದ್ದ ಮೀಟರಿನ ಲೆಕ್ಕದ್ದು. ಅಷ್ಟು ಉದ್ದದೊಳಗೆ ಅಣುಗಳು ಲೆಕ್ಕವಿಲ್ಲದಷ್ಟು ಸಲ ನೂಕಾಡುವುದರಿಂದ ನೂಕು ದಾಟುತ್ತದೆ. ಅನಿಲ ತೆಳುವಾದಷ್ಟೂ ಈ ಡಿಕ್ಕಿಯ ದೂರ ಬೆಳೆಯುತ್ತದೆ. ಅಲೆಯ ಉದ್ದ ಅದಕ್ಕಿಂತ ಬಹಳ ದೊಡ್ಡದಿದ್ದರೆ ಮಾತ್ರ ಶಬ್ದ ಬದುಕುತ್ತದೆ. ಪರ್ಸಿಯಸ್‌ನ ಅಲೆಯ ಉದ್ದ ಹತ್ತಾರು ಸಾವಿರ ಜ್ಯೋತಿರ್ವರ್ಷ. ಅದರ ಪಾಲಿಗೆ ಆ ಜಾಗ ಕಿಕ್ಕಿರಿದ ಸಂತೆ, ನಮ್ಮ ಕೂಗಿನ ಪಾಲಿಗೆ ಮಾತ್ರ ಹಾಳು ಬಯಲು. "ಖಾಲಿ" ಅನ್ನುವುದು ಜಾಗದ ಗುಣ ಮಾತ್ರವಲ್ಲ, ಅಲೆಯ ಅಳತೆಯೂ ಅದರಲ್ಲಿ ಸೇರಿದೆ.

ಸೂರ್ಯ, ಭೂಮಿಯ ನಡುವೆಯೂ ಪೂರ್ತಿ ಖಾಲಿ ಇಲ್ಲ. ಸೌರಮಾರುತ ಬೀಸುತ್ತಿರುತ್ತದೆ. ಭೂಮಿಯ ಹತ್ತಿರ ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟು ಕಣ. ಅವು ವಿದ್ಯುದಾವೇಶ ಹೊತ್ತವು, ಕಾಂತಕ್ಷೇತ್ರದ ರೇಖೆಗಳಿಗೆ ಕಟ್ಟಿಹಾಕಿಕೊಂಡವು. ಆ ರೇಖೆಗಳು ತಂಬೂರಿ ತಂತಿಯ ಹಾಗೆ ಅದುರಬಲ್ಲವು ಎಂದು ಸ್ವೀಡನ್ನಿನ ಹಾನೆಸ್ ಆಲ್ವೆನ್ 1942ರಲ್ಲಿ ಹೇಳಿದ, 1970ರಲ್ಲಿ ನೊಬೆಲ್ ಬಂತು. ಇದು ಮೂರನೇ ಬಗೆ: ಶಬ್ದದಂತೆ ವಸ್ತು ಬೇಕು, ಆದರೆ ಎಳೆದು ಹಿಡಿಯುವುದು ಅಣುಗಳ ನೂಕಾಟವಲ್ಲ, ಕಾಂತಶಕ್ತಿ.

ವಾಯೇಜರ್ 1 ನೌಕೆ 2012ರ ಆಗಸ್ಟಿನಲ್ಲಿ ಸೂರ್ಯನ ಮಾರುತದ ಗಡಿ ದಾಟಿತು. ದಾಟಿದ್ದು ಖಚಿತವಾಗಿದ್ದು ಹೇಗೆ ಗೊತ್ತೇ? ಮರುವರ್ಷ ಅದರ ಆಂಟೆನಾ ಸುತ್ತಲಿನ ಎಲೆಕ್ಟ್ರಾನುಗಳು 2.6 ಕಿಲೋಹರ್ಟ್ಸ್‌ನಲ್ಲಿ ಜೀಕುವುದನ್ನು ಹಿಡಿಯಿತು. ಆ ಆವೃತ್ತಿಯಿಂದ ಕಣಗಳ ಸಾಂದ್ರತೆ ಸಿಕ್ಕಿತು: ಘನ ಸೆಂಟಿಮೀಟರಿಗೆ 0.08. ಗಡಿಯ ಒಳಗಿದ್ದುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನಕ್ಷತ್ರಗಳ ನಡುವಿನ ಪ್ರದೇಶ ಒಳಗಿನದಕ್ಕಿಂತ ದಟ್ಟವಾಗಿರುತ್ತದೆ ಅಂತ ಮೊದಲೇ ತಿಳಿದಿತ್ತು.

ಗಿರಮಿಟ್

ಒಂದ್ ಕೋಟಿ ವರ್ಷಕ್ಕ ಒಂದ್ ಸಲ ಹೂಂ ಅಂತದಂದ್ರ ನಮ್ಮ ತಾಲ್ಲೂಕು ಆಫೀಸಿನ ಕಡತ ಇದ್ದಂಗ ಐತಿ ಬಿಡ್ರಿ.

ರಾಯರ, ರಾತ್ರಿ ಆದ್ರ ನಮ್ಮ ಅಜ್ಜನ ರೇಡಿಯೋದಾಗ ಧಾರವಾಡ ಸ್ಟೇಷನ್ನಿನ ಜೋಡಿ ಯಾವ್ಯಾವುದೋ ದೂರದ ಸ್ಟೇಷನ್ ಬರ್ತಿದ್ವು. ಹಗಲಿ ಬರ್ತಿದ್ದಿಲ್ಲ. ಅದೇನ್ರೀ ಮತ್ತ? ಅಲೆಗೆ ಮಾಧ್ಯಮ ಬ್ಯಾಡ ಅಂದ್ರಿ, ಹಗಲು ರಾತ್ರಿ ಯಾಕ ಬೇಕು?

ಮಧ್ಯಮ ತರಂಗ

ಸರಿಯಾದ ಕಡೆ ಕೈ ಹಾಕಿದಿರಿ. ಮಾಧ್ಯಮ ಬೇಡ ನಿಜ, ಆದರೆ ಮಾಧ್ಯಮ ಅಡ್ಡ ಬರಬಲ್ಲದು. ಶಬ್ದಕ್ಕೆ ಮಾಧ್ಯಮ ಬಂಡಿ ಎಳೆಯುವ ಎತ್ತು. ರೇಡಿಯೋ ಅಲೆಗೆ ಅದು ದಾರಿಯ ಕೆಸರು. ನಮ್ಮ ತಲೆಯ ಮೇಲೆ ಅಯಾನುಗೋಳ ಇದೆ, ಬಿಡಿ ಎಲೆಕ್ಟ್ರಾನುಗಳ ಚಪ್ಪರ. ಮಧ್ಯಮ ತರಂಗ (ಮೀಡಿಯಂ ವೇವ್), ಅಂದರೆ ಆ 612ರಂಥ ಸ್ಟೇಷನ್ನುಗಳ ಅಲೆ, ಅದನ್ನು ದಾಟಲಾರದು. ಹಗಲು ಕೆಳಪದರ ಅದನ್ನು ನುಂಗಿಹಾಕುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ಅಲೆ ಮೇಲಿನ ಪದರಕ್ಕೆ ಬಡಿದು ದೂರದೂರಿಗೆ ಬಂದು ಬೀಳುತ್ತದೆ. ಎಫ್‌ಎಮ್ ಆವೃತ್ತಿ ಹೆಚ್ಚು, ಅದು ಚಪ್ಪರ ತೂರಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ, ವಾಪಸು ಬರುವುದಿಲ್ಲ.

ಡೈಪೋಲ್

ಅದೇ ಕಾರಣಕ್ಕೆ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದ ಹಳೆಯ ಸಾಲು 34.5 ಮೆಗಾಹರ್ಟ್ಸ್‌ನದು. ತೀರಾ ಕೆಳಗೆ, 10 ಮೆಗಾಹರ್ಟ್ಸ್ ಆಸುಪಾಸಿಗೆ ಇಳಿದರೆ ಆಕಾಶದ ಅಲೆ ಚಪ್ಪರದ ಮೇಲೆಯೇ ನಿಲ್ಲುತ್ತದೆ. ಬಯಲಲ್ಲಿ ಟಿ ಆಕಾರದಲ್ಲಿ ಒಂದು ಸಾವಿರ ಡೈಪೋಲ್ (ಎರಡು ತೋಳಿನ ಸರಳ ಆಂಟೆನಾ) ನಿಲ್ಲಿಸಿದ್ದರು. ದೂರದಿಂದ ನೋಡಿದವರಿಗೆ ದ್ರಾಕ್ಷಿ ಚಪ್ಪರ ಅನ್ನಿಸಬೇಕು!

ಪಲ್ಸಾರ್‌ಗಳಲ್ಲಿ, ಅಂದರೆ ಗಿರಗಿರ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರಗಳಲ್ಲಿ, ಈ ಕೆಸರಿನ ಆಟ ಇನ್ನೂ ಸೊಗಸು. ಒಂದೇ ಮಿಡಿತದ ಹೆಚ್ಚಿನ ಆವೃತ್ತಿ ಮೊದಲು ಬರುತ್ತದೆ, ಕಡಿಮೆಯದು ತಡವಾಗಿ. ನಿಜವಾದ ನಿರ್ವಾತದಲ್ಲಿ ಎರಡೂ ಒಟ್ಟಿಗೆ ಬರಬೇಕಿತ್ತು. ತಡವಾದಷ್ಟೂ ದಾರಿಯಲ್ಲಿ ಎಲೆಕ್ಟ್ರಾನ್ ಹೆಚ್ಚು ಅಂತ ಲೆಕ್ಕ.

ಹ್ಯಾನೋವರ್ ಚಳಿ

ತಡವಾಗಿ ಬಂದೆ, ಇಲ್ಲಿ ಜರ್ಮನಿಯಲ್ಲಿ ಈಗ ರಾತ್ರಿ. ಗುರುತ್ವದ ಅಲೆಗಳ ಮೇಲೆ ಕೆಲಸ ಮಾಡುತ್ತಿರುವ ವಿದ್ಯಾರ್ಥಿ ನಾನು, ಮೂಲ ತುಮಕೂರು. ರಾಯರ ಪ್ರಶ್ನೆಯನ್ನೇ ಮುಂದಕ್ಕೆ ಎಳೆಯುತ್ತೇನೆ: ಅಲುಗುತ್ತಿರುವುದು ಏನು? ಗುರುತ್ವದ ಅಲೆಯಲ್ಲಿ ಅಲುಗುವುದು ಜಾಗವೇ. ಖಾಲಿ ಜಾಗದಲ್ಲಿ ಏನೋ ಹೋಗುತ್ತಿದೆ ಅಂತಲ್ಲ, ಖಾಲಿಯೇ ಹಿಗ್ಗಿ ಕುಗ್ಗುತ್ತಿದೆ. ಒಂದು ದಿಕ್ಕಿಗೆ ಹಿಗ್ಗಿದಾಗ ಅದಕ್ಕೆ ಅಡ್ಡಲಾಗಿ ಕುಗ್ಗುತ್ತದೆ, ಮರುಕ್ಷಣ ಅದಲುಬದಲು. ರೊಟ್ಟಿ ಹಿಟ್ಟಿನ ಉಂಡೆಯನ್ನು ಎರಡು ಕೈಯಲ್ಲಿ ಅಮುಕಿದ ಹಾಗೆ.

ಐನ್‌ಸ್ಟೈನ್ 1916ರಲ್ಲಿ ಹೇಳಿದ್ದು 2015ರ ಸೆಪ್ಟೆಂಬರ್ 14ರಂದು, ಈ ಅಲೆ ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೋ ಯಂತ್ರಕ್ಕೆ ಸಿಕ್ಕಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುರಂಧ್ರ ಒಂದಾಗಿದ್ದವು. ಮೂರು ಸೂರ್ಯರಷ್ಟು ದ್ರವ್ಯ ಪೂರ್ತಿ ಅಲೆಯಾಗಿ ಹೋಗಿತ್ತು. ಅಷ್ಟಾಗಿ ಇಲ್ಲಿಗೆ ಮುಟ್ಟಿದಾಗ ಯಂತ್ರದ ನಾಲ್ಕು ಕಿ.ಮೀ. ಉದ್ದದ ತೋಳು ಬದಲಾದದ್ದು ಒಂದು ಪ್ರೋಟಾನಿನ ಅಗಲದ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಮಾತ್ರ.

ಈಗ ತಮಾಷೆ ನೋಡಿ. ಲೈಗೋ ಯಂತ್ರ ಅಂದರೆ ರಾಯರು ಹೇಳಿದ ಮೈಕೆಲ್ಸನ್ನನ ಉಪಕರಣವೇ! ಬೆಳಕನ್ನು ಸೀಳು, ಲಂಬವಾದ ಎರಡು ದಾರಿಗೆ ಕಳಿಸು, ಕನ್ನಡಿಯಿಂದ ತರಿಸಿ ಕೂಡಿಸು. 1887ರಲ್ಲಿ ಅದೇ ವಿದ್ಯೆ ಬೆಳಕಿಗೆ ಮಾಧ್ಯಮ ಹುಡುಕಿ ಬರಿಗೈಲಿ ಬಂತು. ನೂರಿಪ್ಪತ್ತೆಂಟು ವರ್ಷದ ಮೇಲೆ ಮಾಧ್ಯಮವಿಲ್ಲದ ಆ ಜಾಗವೇ ಅಲುಗಿದ್ದನ್ನು ಹಿಡಿಯಿತು. ಹಿಡಿಯಬೇಕಾದರೆ ಕೊಳವೆಯೊಳಗೆ ವಾತಾವರಣದ ಒತ್ತಡದ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ನಿರ್ವಾತ ಮಾಡಬೇಕು, ಇಲ್ಲದಿದ್ದರೆ ಅಳಿದುಳಿದ ಅಣುಗಳೇ ಗಲಾಟೆ ಎಬ್ಬಿಸುತ್ತವೆ.

ಇದರಲ್ಲಿ ನಮ್ಮವರ ಪಾಲು ದೊಡ್ಡದು. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲೇ, ಕಪ್ಪುರಂಧ್ರವನ್ನು ಕೆಣಕಿದರೆ ಅದು ಗಂಟೆಯಂತೆ ತನ್ನದೇ ಶ್ರುತಿಯಲ್ಲಿ ಮೊಳಗಿ ಅಡಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. 2015ರ ಸಂಕೇತದ ಕೊನೆಯಲ್ಲಿ ಇದ್ದದ್ದು ಅಂಥ ಮೊಳಗೇ. ಅವರು ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಶಾಲೆಯ ಪ್ರವಾಸದಲ್ಲಿ ತಾರಾಲಯದ ಕುರ್ಚಿಯಲ್ಲಿ ಒರಗಿ ನಿದ್ದೆ ಹೊಡೆದವರಲ್ಲಿ ನಾನೂ ಒಬ್ಬ. 2016ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು, 2017ರ ಜನವರಿಯಲ್ಲಿ ಅವರು ತೀರಿಕೊಂಡರು. ಸುದ್ದಿಯನ್ನಾದರೂ ಕೇಳಿ ಹೋದರಲ್ಲ.

ಬೀದಿದೀಪ

ಗುರುತ್ವದ ಅಲೆಯೂ ಬೆಳಕಿನ ವೇಗದಲ್ಲೇ ಓಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಳೆದವರು ಯಾರು? ಸಮೀಕರಣದಲ್ಲಿ ಬಂತು ಅಂದರೆ ನಾನು ಒಪ್ಪಲ್ಲ.

ಹ್ಯಾನೋವರ್ ಚಳಿ

ಒಪ್ಪಬೇಡಿ ಸಾರ್, ಅಳೆದಿದ್ದಾರೆ. 2017ರ ಆಗಸ್ಟ್ 17. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಢಿಕ್ಕಿ ಹೊಡೆದವು. ಗುರುತ್ವದ ಅಲೆ ಮೊದಲು ಬಂತು, 1.7 ಸೆಕೆಂಡಿನ ಮೇಲೆ ಬೆಳಕಿನ ಜಾತಿಯದೇ ಆದ ಗಾಮಾ ಕಿರಣ. 13 ಕೋಟಿ ವರ್ಷ ಓಡಿದ ಮೇಲಿನ ಅಂತರ ಅದು.

ಬೀದಿದೀಪ

ಆದರೂ 1.7 ಸೆಕೆಂಡ್ ಇದೆಯಲ್ಲ! ಹಾಗಾದರೆ ಒಂದು ಚೂರು ಜೋರು.

ಹ್ಯಾನೋವರ್ ಚಳಿ

ಇಬ್ಬರೂ ಒಟ್ಟಿಗೆ ಮನೆ ಬಿಟ್ಟಿದ್ದರೆ ಆ ಮಾತು. ಗುರುತ್ವದ ಅಲೆ ನಕ್ಷತ್ರಗಳು ಸುತ್ತುವಾಗಲೇ ಹೊರಡುತ್ತದೆ, ಎದುರಿಗೆ ಏನಿದ್ದರೂ ತೂರಿಕೊಂಡು ಹೋಗುತ್ತದೆ. ಗಾಮಾ ಕಿರಣ ಹೊರಡಬೇಕಾದರೆ ಢಿಕ್ಕಿಯಾಗಿ, ಒಳಗಿಂದ ಚಿಮ್ಮಿದ ಧಾರೆ ಸುತ್ತಲಿನ ಕಸವನ್ನು ಸೀಳಿಕೊಂಡು ಬರಬೇಕು. ಅದಕ್ಕೆ ಸೆಕೆಂಡುಗಳು ಹಿಡಿಯಬಹುದು. ಆ ಅನುಮಾನದ ಲಾಭವನ್ನೆಲ್ಲ ನಿಮಗೇ ಕೊಟ್ಟು ಲೆಕ್ಕ ಹಾಕಿದರೂ ಎರಡರ ವೇಗದ ವ್ಯತ್ಯಾಸ ಸಾವಿರ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ದಾಟುವುದಿಲ್ಲ.

ಬೀದಿದೀಪ

ಸರಿ. ಅಷ್ಟಾದರೆ ಒಪ್ಪಿದೆ.

ಕಾಳುಮೆಣಸು

ಎಲ್ಲರಿಗೂ ದೊಡ್ಡ ನಮಸ್ಕಾರ. ಎರಡು ದಿನ ಕರೆಂಟಿರಲಿಲ್ಲ, ಈಗ ಓದಿದೆ. ಇನ್ನು ಪ್ರಯೋಗದ ಮಾತು. ನಮ್ಮ ಲ್ಯಾಬಿನಲ್ಲಿ ಹಳೆಯ ಗಾಜಿನ ಗಂಟೆಜಾಡಿ ಮತ್ತು ಕೈಪಂಪು ಇದೆ. ಒಳಗೆ ವಿದ್ಯುತ್ ಗಂಟೆ ಇಡುವ ಬದಲು ಮೊಬೈಲ್ ಇಟ್ಟರೆ ಹೇಗೆ?

ಮಧ್ಯಮ ತರಂಗ

ಪ್ರಶಸ್ತವಾದ ಯೋಚನೆ. ಮೊಬೈಲನ್ನು ಸ್ಪಂಜಿನ ಮೇಲಿಡಿ, ಇಲ್ಲದಿದ್ದರೆ ಕಂಪನ ತಳದ ತಟ್ಟೆಯಿಂದ ಹೊರಗೆ ಬರುತ್ತದೆ. ಹೊರಗಿನಿಂದ ಕರೆ ಮಾಡಿ. ಗಾಳಿ ತೆಗೆದಂತೆ ರಿಂಗ್ ಕ್ಷೀಣಿಸುತ್ತದೆ, ಪರದೆಯ ಮೇಲೆ ಕರೆ ಬರುತ್ತಲೇ ಇರುತ್ತದೆ. ರೇಡಿಯೋ ಅಲೆ ಒಳಗೆ ಹೋಯಿತು, ಬೆಳಕು ಹೊರಗೆ ಬಂತು, ಶಬ್ದ ಮಾತ್ರ ಒಳಗೇ ಉಳಿಯಿತು. ನಿಮ್ಮ ಹುಡುಗನ "ಪಕ್ಷಪಾತ" ಒಂದೇ ಜಾಡಿಯಲ್ಲಿ. ಬ್ಯಾಟರಿ ಉಬ್ಬಿದ ಮೊಬೈಲ್ ಮಾತ್ರ ಬೇಡ.

ಒಂದು ಸೂಕ್ಷ್ಮ. ಶಾಲೆಯ ಪಂಪು ಗಾಳಿಯನ್ನು ಪೂರ್ತಿ ತೆಗೆಯಲಾರದು, ಉಳಿದ ಗಾಳಿಯಲ್ಲೂ ಶಬ್ದ ಓಡಬಲ್ಲದು. ಆದರೂ ಕ್ಷೀಣಿಸುವುದು ಯಾಕೆಂದರೆ ಸ್ಪೀಕರಿನ ಅದುರು ತೆಳು ಗಾಳಿಗೂ, ತೆಳು ಗಾಳಿಯ ಅದುರು ದಪ್ಪ ಗಾಜಿಗೂ ಸರಿಯಾಗಿ ದಾಟುವುದಿಲ್ಲ. ಪುಸ್ತಕಗಳಲ್ಲಿ ಇದನ್ನು ಬರೆಯುವುದಿಲ್ಲ. ನಿಮ್ಮ ಹುಡುಗ ಕೇಳುವ ಸಾಧ್ಯತೆ ಇದೆ, ಸಿದ್ಧರಾಗಿರಿ.

ಡೈಪೋಲ್

ಚಂದ್ರನ ಮೇಲೆ ಗಾಳಿ ಇಲ್ಲ, ಆದರೆ ನೆಲ ಇದೆ ಅನ್ನುವುದನ್ನೂ ಹೇಳಿ. ಚಂದ್ರಯಾನ-3ರ ವಿಕ್ರಮ್‌ನಲ್ಲಿ ಇಲ್ಸಾ ಎಂಬ ಕಂಪನಮಾಪಕ ಇತ್ತು, ಬೆಂಗಳೂರಿನಲ್ಲೇ ಮಾಡಿದ್ದು. ಪ್ರಜ್ಞಾನ್ ರೋವರ್ ಓಡಾಡಿದ ಅದುರನ್ನು ಅದು ನೆಲದ ಮೂಲಕವೇ ದಾಖಲಿಸಿತು. ಆ ದಾಖಲೆ ರೇಡಿಯೋ ಅಲೆಯ ಮೇಲೇರಿ ಬೆಂಗಳೂರು ಹತ್ತಿರದ ಬ್ಯಾಲಾಳಿನಂಥ ಕಡೆಯ ದೊಡ್ಡ ತಟ್ಟೆ ಆಂಟೆನಾಗಳಿಗೆ ಬಂತು, ದಾರಿಯಲ್ಲಿ ಬರೀ 1.3 ಸೆಕೆಂಡ್. ಗಾಳಿಯಲ್ಲಿ ಓಡುವ ಶಬ್ದದ ವೇಗದಲ್ಲಿ ಅಷ್ಟು ದೂರ ಬರಬೇಕಿದ್ದರೆ ಹದಿಮೂರು ದಿನ ಹಿಡಿಯುತ್ತಿತ್ತು.

ಕಾಳುಮೆಣಸು

ಇವತ್ತು ಮಾಡಿದೆ. ಪಂಪಿನ ವಾಷರ್ ಒಣಗಿತ್ತು, ಜಾಡಿಯ ಅಂಚಿಗೆ ವ್ಯಾಸಲೀನ್ ಬಳಿದು ಹೇಗೋ ಹಿಡಿಸಿದೆವು. ರಿಂಗ್ ಪೂರ್ತಿ ಹೋಗಲಿಲ್ಲ, ಸೊಳ್ಳೆ ಗುಂಯ್‌ಗುಟ್ಟಿದಷ್ಟಾಯಿತು. ಪರದೆಯ ಮೇಲೆ "ಹೆಡ್‌ಮಾಸ್ಟರ್" ಅಂತ ಹೆಸರು ಮಿನುಗುತ್ತಲೇ ಇತ್ತು. ಮಕ್ಕಳೆಲ್ಲ ಹೋ ಅಂದರು. ಮೊನ್ನೆ ಗ್ರಾಫಿಕ್ಸ್ ಅಂದದ್ದು ತಪ್ಪು ಅಂತ ಎಲ್ಲರ ಮುಂದೆ ಒಪ್ಪಿಕೊಂಡೆ.

ಅವನು ಸುಮ್ಮನಿದ್ದಾನೆಯೇ? "ಮಿಸ್, ಹಾಗಾದರೆ ಫ್ಲಾಸ್ಕಿನ ಎರಡು ಗೋಡೆ ನಡುವೆ ನಿರ್ವಾತ ಅಂತೀರಿ. ಸೂರ್ಯನ ಬಿಸಿ ನಿರ್ವಾತ ದಾಟಿ ಬರತ್ತೆ, ಚಹಾದ ಬಿಸಿ ಯಾಕೆ ದಾಟಿ ಹೋಗಲ್ಲ?"

ಮಧ್ಯಮ ತರಂಗ

ಹೋಗುತ್ತದೆ ಮೇಡಂ, ಅವಗೆಂಪು ಅಲೆಯಾಗಿ, ಅಂದರೆ ಕಣ್ಣಿಗೆ ಕಾಣದ ಬೆಳಕಾಗಿ. ನಿರ್ವಾತ ತಡೆಯುವುದು ಗಾಳಿಯ ಮೂಲಕ ಸಾಗುವ ಬಿಸಿಯನ್ನು ಮಾತ್ರ. ಅಲೆಯನ್ನು ತಡೆಯಲಿಕ್ಕೇ ಗಾಜಿನ ಫ್ಲಾಸ್ಕಿನ ಒಳಗೋಡೆಗೆ ಬೆಳ್ಳಿ ಬಣ್ಣದ ಕನ್ನಡಿ ಲೇಪ ಕೊಟ್ಟಿರುವುದು. ಒಡೆದ ಫ್ಲಾಸ್ಕ್ ಒಂದು ಸಿಕ್ಕರೆ ಚೂರನ್ನು ಹುಷಾರಾಗಿ ತೋರಿಸಿ.

ಗಿರಮಿಟ್

ಟೀಚರ್ರ, ಆ ಹುಡುಗಗ ಇನ್ನೊಂದ್ ಪ್ಲೇಟ್ ಹೇಳ್ರಿ.